ಅಮವಾಸಿ ಫಟಫಟಿ

ಜುಗೂಳದ ಧರೆಪ್ಪನ ಮನೆಯ ಫಟಫಟಿಗೆ, ಅಂದರೆ ಮೋಟರ್ ಸೈಕಲ್ಲಿಗೆ, ಅಮವಾಸಿಯ ಕಾಟ ಉಂಟು ಎಂಬ ಮಾತು ಮೊದಲು ಹುಟ್ಟಿದ್ದು ಆ ಮನೆಯೊಳಗೇ. ಅಲ್ಲಿಂದ ಅದು ಬಟ್ಟೆ ಒಗೆಯುವ ಹೆಂಗಸರ ಜೊತೆ ಹೊಳೆಯ ದಂಡೆಗೆ ಹೋಯಿತು. ಹೊಳೆಯಿಂದ ಹಿಟ್ಟಿನ ಗಿರಣಿಗೆ ಬಂತು. ಗಿರಣಿಯ ಕಟ್ಟೆಯಲ್ಲಿ ಕೂತ ಭೀಮಗೊಂಡನ ಬಾಯಿಗೆ ಬಿದ್ದ ಮೇಲೆ ಗಾಡಿಗೆ ಅದೇ ಹೆಸರಾಗಿ ನಿಂತುಬಿಟ್ಟಿತು. ಧರೆಪ್ಪನ ಮಗ ಮುರಗೆಪ್ಪ ಆ ದಾರಿಯಲ್ಲಿ ಹಾದರೆ ಸಾಕು, "ಅಮವಾಸಿ ಫಟಫಟಿ ಬಂತ್ ನೋಡ್ರೋ, ಹಾದಿ ಬಿಡ್ರಿ" ಎಂದು ಕಟ್ಟೆಯ ಮಂದಿ ನಗುತ್ತಿದ್ದರು.

ನಗುವವರನ್ನು ಬೈಯುವ ಹಾಗೂ ಇರಲಿಲ್ಲ, ಯಾಕೆಂದರೆ ಮಾತು ಸುಳ್ಳಾಗಿರಲಿಲ್ಲ. ಮೀಟರಿನ ಮಗ್ಗುಲಿಗೆ ಒಂದು ಹಸಿರು ದೀಪ ಇತ್ತು. ಗಾಡಿ ಯಾವ ಗೇರಿನಲ್ಲೂ ಇಲ್ಲದೆ ನ್ಯೂಟ್ರಲ್ಲಿನಲ್ಲಿ ನಿಂತಾಗ ಮಾತ್ರ ಹತ್ತಬೇಕಾದ ದೀಪ. ಗೇರು ಹಾಕಿದ ಕೂಡಲೇ ಆರಬೇಕು. ಅಮವಾಸಿಯ ಮರುದಿನ ಅದು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಗೇರು ಹಾಕಿದರೂ ಹತ್ತಿಕೊಂಡೇ ಇರುತ್ತಿತ್ತು. ಇಂಜಿನ್ನು ಕೆಮ್ಮುತ್ತ ಕೆಮ್ಮುತ್ತ ನಡುದಾರಿಯಲ್ಲಿ ಉಸಿರು ಹಿಡಿದು ನಿಲ್ಲುತ್ತಿತ್ತು. ಹೀಗೆ ಕೆಲವು ದಿನ ಕಾಡಿ, ಉಗಾರದ ಗ್ಯಾರೇಜಿಗೆ ನೂಕಿಕೊಂಡು ಹೋಗುವಷ್ಟರಲ್ಲಿ ಏನೂ ಅರಿಯದ ಕೂಸಿನಂತೆ ಸರಿಯಾಗಿ ಬಿಡುತ್ತಿತ್ತು. ಗ್ಯಾರೇಜಿನವನು ಒಂದು ಸಲ ಬಲ್ಬು ಬದಲಿಸಿದ, ಇನ್ನೊಂದು ಸಲ ಪ್ಲಗ್ಗು ಬದಲಿಸಿದ, ಕಡೆಯ ಸಲ ಕೈಮುಗಿದು, "ನಿಮ್ಮ ಮನಿದೇವರಿಗಿ ಕೇಳ್ರಿ" ಎಂದ.

ಬರೀ ಗಾಡಿಯ ಮಾತಾಗಿದ್ದರೆ ಧರೆಪ್ಪ ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಅದು ಸೊಸೆ ಕಸ್ತೂರೆವ್ವನ ತವರಿನಿಂದ ಬಂದ ಗಾಡಿ. ಮುಗಳಖೋಡದ ಬೀಗ ಕಾಮಣ್ಣನನ್ನು ಗಾಡಿ ಕೊಡು ಎಂದು ಯಾರೂ ಕೇಳಿರಲಿಲ್ಲ. ಜುಗೂಳದಿಂದ ಮುಗಳಖೋಡಕ್ಕೆ ಹೋಗಬೇಕೆಂದರೆ ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿಯುವುದರಲ್ಲೇ ಹಗಲು ಮುಗಿಯುತ್ತದೆ ಎಂದು ಲೆಕ್ಕ ಹಾಕಿದ ಆ ಮನುಷ್ಯ, ಮದುವೆಯ ಹಂದರದಲ್ಲಿ ಹೊಸ ಗಾಡಿ ನಿಲ್ಲಿಸಿ, "ನನ್ನ ಮಗಳ ಮಾರಿ ನನಗ ಆಗಾಗ ಕಾಣಬೇಕ್ರಿ, ಅದಕ್ಕ ಈ ಹಾದಿ ಮಾಡೀನಿ" ಎಂದಿದ್ದ. ಹಂದರದಲ್ಲಿ ನಿಂತಿದ್ದ ಧರೆಪ್ಪನ ಕಣ್ಣೂ ಒದ್ದೆಯಾಗಿತ್ತು.

ಅಂಥ ಗಾಡಿ ತಿಂಗಳಿಗೊಮ್ಮೆ ಕೆಡತೊಡಗಿದ ಮೇಲೆ ಅತ್ತೆ ಚನ್ನವ್ವ ಅದಕ್ಕೊಂದು ಅರ್ಥ ಹುಡುಕಿದಳು. ಆಕೆ ಕೆಟ್ಟ ಹೆಂಗಸಲ್ಲ. ಮೂಡಣ ಕೆಂಪಾಗುವ ಮೊದಲೇ ಎದ್ದು, ಹೊಳೆಯ ಕಡೆ ಮುಖ ಮಾಡಿ ಕೃಷ್ಣವ್ವನಿಗೆ ಕೈಮುಗಿದು, ವಿಭೂತಿ ಹಚ್ಚಿಕೊಂಡೇ ಒಲೆ ಹೊತ್ತಿಸುವವಳು. ಎತ್ತಿನ ಕೊರಳ ಗಂಟೆಯಿಂದ ಹಿಡಿದು ಒಳಕಲ್ಲಿನವರೆಗೆ ಆ ಮನೆಯಲ್ಲಿ ಆಕೆಯ ಕುಂಕುಮ ಕಾಣದ ವಸ್ತು ಇರಲಿಲ್ಲ. ಆದರೆ ಹೆದರಿಕೆ ಹೊಕ್ಕ ಮನಸ್ಸಿನಿಂದ ಎಂಥೆಂಥ ಮಾತೋ ಹೊರಬೀಳುತ್ತವೆ. "ಕಾಲ್ಗುಣ ಹ್ಯಾಂಗಿರತೈತೋ, ಸಾಮಾನಿನ ಗುಣಾನೂ ಹಂಗ" ಎಂದು ಒಂದು ದಿನ ರೊಟ್ಟಿ ಬಡಿಯುತ್ತ ಅಂದುಬಿಟ್ಟಳು. ಕಸ್ತೂರೆವ್ವ ಮಗ್ಗುಲಲ್ಲೇ ಹಿಟ್ಟು ನಾದುತ್ತಿದ್ದಳು. ನಾದುವ ಕೈ ನಿಲ್ಲಲಿಲ್ಲ. ಬಾಗಿಲಲ್ಲಿ ಕೂತಿದ್ದ ಧರೆಪ್ಪ ಮಾತ್ರ ತಿನ್ನುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಕೈತೊಳೆದ.

ಈ ಸಲದ ಅಮವಾಸಿಯೂ ಬಂತು, ಹೋಯಿತು. ಮರುದಿನ ಬೆಳಿಗ್ಗೆ ಮುರಗೆಪ್ಪ ಅಂಗಳದಲ್ಲಿ ಗಾಡಿ ಚಾಲೂ ಮಾಡಿ ಕ್ಲಚ್ಚು ಹಿಡಿದು ಕೂತಿದ್ದ. ಹಸಿರು ದೀಪ ಹತ್ತಿತ್ತು. ಅದು ಸುಳ್ಳು ಹೇಳುವ ದಿನವೆಂಬುದನ್ನು ಮರೆತು, ಗಾಡಿ ನ್ಯೂಟ್ರಲ್ಲಿನಲ್ಲಿದೆ ಎಂದು ನಂಬಿ, ರುಮಾಲು ಸರಿಪಡಿಸಿಕೊಳ್ಳಲು ಕ್ಲಚ್ಚಿನಿಂದ ಕೈ ತೆಗೆದ. ಗಾಡಿ ಗೇರಿನಲ್ಲಿತ್ತು. ಹಗ್ಗ ಹರಿದ ಹೋರಿಯಂತೆ ಒಮ್ಮೆಲೇ ಮುಂದೆ ಜಿಗಿಯಿತು. ಆಗಷ್ಟೇ ತುಂಬಿದ ಕೊಡ ಹೊತ್ತು ಕಸ್ತೂರೆವ್ವ ಹೊಸ್ತಿಲ ಕಡೆ ಬರುತ್ತಿದ್ದಳು. ಕೊಡ ಹಾರಿ ಕಲ್ಲಿಗೆ ಬಡಿಯಿತು, ಆಕೆ ಗೋಡೆಗೆ ಬಿದ್ದಳು, ಮೊಣಕೈ ತರಚಿ ರಕ್ತ ಬಂತು. ಗಾಡಿ ಕೊಟ್ಟಿಗೆಯ ಕಂಬಕ್ಕೆ ಗುದ್ದಿ ತಾನೇ ಬಂದಾಯಿತು.

"ಯಪ್ಪಾ ಶಿವನೇ!" ಎಂದು ಚನ್ನವ್ವ ಓಡಿ ಬಂದು ಸೊಸೆಯ ತೋಳು ಹಿಡಿದು ಎಬ್ಬಿಸಿದಳು. ಅರಿಷಿಣ ಒತ್ತಿದಳು. ಒತ್ತುತ್ತ ಒತ್ತುತ್ತಲೇ ಮಗನ ಕಡೆ ತಿರುಗಿದಳು: "ಮುರಗ್ಯಾ, ಇವತ್ತ ಇದನ್ನ ಎಲ್ಲಿಂದ ಬಂದೈತೋ ಅಲ್ಲೇ ಬಿಟ್ಟ ಬಾ. ಇದು ನಮ್ಮ ಮನಿಗಿ ಒಗ್ಗೂದಿಲ್ಲ. ನಾಳಿ ಯಾರರ ಜೀವಾನ ಹೋದೀತು."

"ನಾ ಆಗ್ಲೇ ಕುಡಚಿ ಸಂತ್ಯಾಗ ಮುಗಳಖೋಡದವರ ಕೈಲಿ ಹೇಳಿ ಕಳಿಸೀನಿ, ಅಮವಾಸಿ ಆದ ಮರುದಿನ ಗಾಡಿ ತಂದ ಬಿಡತೀನಿ ಅಂತ" ಎಂದ ಮುರಗೆಪ್ಪ. ಮುಖದ ಬಣ್ಣ ಹೋಗಿತ್ತು. ಹೆಂಡತಿಯ ಕಡೆ ನೋಡದೆ ಮುಂದುವರಿಸಿದ: "ಉಂಡ ಮ್ಯಾಲ ಹೊಂಡತೀನಿ. ಕಸ್ತೂರಿನೂ ಬರ್ಲಿ. ಒಂದೀಟ ದಿನ ಅಲ್ಲೇ ಇರ್ಲಿ."

ಆ ಒಂದೀಟ ದಿನ ಎಷ್ಟು ಉದ್ದವೆಂದು ಅಲ್ಲಿದ್ದ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಕೊಟ್ಟ ವಸ್ತುವನ್ನು ತಿರುಗಿ ತಂದು ಅಂಗಳದಲ್ಲಿ ನಿಲ್ಲಿಸಿ, ಜೊತೆಗೆ ಮಗಳನ್ನೂ ಇಳಿಸಿ ಬಂದರೆ ಯಾವ ತಂದೆ ಅದನ್ನು ಹಬ್ಬಕ್ಕೆ ಬಂದಂತೆ ತಿಳಿದಾನು? ಕಸ್ತೂರೆವ್ವ ಒಳಗೆ ಹೋಗಿ ಚೀಲಕ್ಕೆ ಸೀರೆ ಹಾಕತೊಡಗಿದಳು.

ಧರೆಪ್ಪ ಎದ್ದು ನಿಂತ. ಮನೆಯಲ್ಲಿ ಆತನ ದನಿ ಏರಿದ್ದನ್ನು ಕೇಳಿದವರಿಲ್ಲ; ಈಗಲೂ ಏರಲಿಲ್ಲ. "ಮುರಗೆಪ್ಪಾ, ಊಟದ ಹೊತ್ತಿನತನಕ ಗಾಡಿ ನನಗ ಬಿಡು. ನೀ ಹೋಗಿ ದನಕ್ಕ ಮೇವ ಕೊಯ್ಕೊಂಡ ಬಾ."

"ಗ್ಯಾರೇಜಿನ್ಯಾಗ ಸಿಗಲಾರದ್ದು ನಿಮಗ ಸಿಗತೈತೇನಪಾ?"

"ಸಿಗಲಿಲ್ಲಂದ್ರ ಹೊತ್ಕೊಂಡ ಹೋಗು. ಯಾರ ಬ್ಯಾಡಂತಾರ?"

ಧರೆಪ್ಪನಿಗೆ ಫಟಫಟಿಯ ವಿದ್ಯೆ ತಿಳಿದಿರಲಿಲ್ಲ. ತಿಳಿದದ್ದು ಹೊಳೆಯ ದಂಡೆಯ ಪಂಪಿನದು. ಕಬ್ಬಿಗೆ ನೀರು ಹಾಯಿಸುತ್ತ ಆ ಮೋಟರಿನೊಡನೆ ಬದುಕಿ, ಕರೆಂಟು ಎಲ್ಲಿ ಸರಿಯಾಗಿ ಹೋಗುತ್ತದೆ, ಎಲ್ಲಿ ಹಾದಿ ತಪ್ಪಿ ಸೋರುತ್ತದೆ ಎಂದು ಹುಡುಕುವುದು ಮಾತ್ರ ಒಂದಿಷ್ಟು ಕೈಗೆ ಕೂತಿತ್ತು. ಪಂಪಿನ ಮನೆಯ ಪೆಟ್ಟಿಗೆ ತಂದು ಬೇವಿನ ನೆರಳಲ್ಲಿ ಇಟ್ಟ. ನಟ್ಟು ಬಿಚ್ಚುವ ಎರಡು ಪಾನಾ, ಒಂದು ಸ್ಕ್ರೂ ಡ್ರೈವರ್, ಒಂದು ಇಕ್ಕಳ. ಕೂರುವ ಮುಂಚೆ ಗಾಡಿಗೂ ಒಮ್ಮೆ ಕೈಮುಗಿದ. ಕೆಲಸ ಯಾವುದಾದರೂ ಮೊದಲು ಕೈಮುಗಿಯುವುದು ಆತನ ರೂಢಿ.

ಗುದ್ದಿದ ಸದ್ದು ಕೇಳಿಯೋ ಏನೋ, ಭೀಮಗೊಂಡ ತಂಬಾಕು ತಿಕ್ಕುತ್ತ ಬಂದೇಬಿಟ್ಟ. ಇಬ್ಬರೂ ಚಡ್ಡಿ ಹಾಕುವ ಕಾಲದ ಗೆಳೆಯರು.

"ಏನಲೇ ಧರೆಪ್ಪಾ, ದೆವ್ವ ಬಿಡಸಾಕ ಪಾನಾ ಹಿಡದೀ? ಬೇವಿನ ತಪ್ಪಲ ಹಿಡಿಬೇಕಪಾ."

"ಬಾ, ನೀ ಬಂದಿಯಲ್ಲ, ಅದು ಹೆದರಿ ಓಡತೈತಿ. ಕುಂಡರು. ಆ ಹಸಿರ ದೀಪದ ಮ್ಯಾಲ ಕಣ್ಣ ಇಡು, ಮಾತಾಡಬ್ಯಾಡ."

"ಕಣ್ಣಿಡಾಕ ಕೂಲಿ ಎಷ್ಟ ಕೊಡತೀ?"

"ಚಾ ಕುಡಸ್ತೀನಿ."

"ಬೆಲ್ಲದ್ದೋ ಸಕ್ಕರಿದೋ?"

"ಲೇ, ದೀಪ ನೋಡೋ ಮಾರಾಯಾ!"

ಇಂಜಿನ್ನು ಚಾಲೂ ಮಾಡದೆ, ಬರೀ ಕೀಲಿ ತಿರುವಿ ಗೇರು ಹಾಕಿದ. ದೀಪ ಹತ್ತಿಯೇ ಇತ್ತು. ಗ್ಯಾರೇಜಿನವನು ಒಂದು ಸಲ ಇಂಜಿನ್ನಿನ ಎಡಗಡೆ, ಚೈನಿನ ಹಲ್ಲುಚಕ್ರದ ಹತ್ತಿರ ಕೂತ ಒಂದು ವಾಯರು ತೋರಿಸಿದ್ದ. ನ್ಯೂಟ್ರಲ್ಲಿಗೆ ಬಂದಾಗ ಒಳಗಿನ ಸ್ವಿಚ್ಚು ಆ ವಾಯರನ್ನು ಇಂಜಿನ್ನಿನ ಲೋಹಕ್ಕೆ ತಾಗಿಸುತ್ತದೆ, ಆಗ ದೀಪ ಹತ್ತುತ್ತದೆ ಎಂದಿದ್ದ. ಧರೆಪ್ಪ ಆ ವಾಯರನ್ನು ಮೆಲ್ಲಗೆ ಕಿತ್ತು, ಯಾವುದಕ್ಕೂ ತಾಗದ ಹಾಗೆ ಗಾಳಿಯಲ್ಲಿ ಹಿಡಿದ.

"ಆರಿತೇನೋ?"

"ಎಲ್ಲಿ ಆರತೈತಿ? ನಿನ್ನ ನೋಡಿ ನಗಾಕತ್ತೈತಿ."

ಧರೆಪ್ಪ ವಾಯರಿನ ತುದಿ ತಿರುಗಿಸಿ ನೋಡಿದ. ಪಂಪಿನ ಮೋಟರು ಬಿಚ್ಚಿ ಬದಿಗಿಟ್ಟ ಮೇಲೂ ಫ್ಯೂಜು ಹೋಗುತ್ತಿದ್ದರೆ ಮೋಟರನ್ನು ಬೈದು ಉಪಯೋಗವಿಲ್ಲ, ದೋಷ ನಡುದಾರಿಯಲ್ಲಿದೆ. ಇದೂ ಹಾಗೇ. ತುದಿ ಎಲ್ಲಿಯೂ ತಾಗಿಲ್ಲ, ದೀಪ ಹತ್ತಿದೆ. ಹಾಗಾದರೆ ಇದು ಮೇಲೆಲ್ಲೋ ಲೋಹಕ್ಕೆ ತಾಗುತ್ತಿದೆ. ಹೊಲದ ಬದುವಿನಲ್ಲಿ ನೀರು ಸೋರುವ ಜಾಗ ಹುಡುಕುವವನಂತೆ ಬೆರಳಾಡಿಸುತ್ತ ವಾಯರಿನ ಜೊತೆ ನಡೆದ. ಅದು ಸೀಟಿನ ಕೆಳಗೆ ಹೋಯಿತು, ಪೆಟ್ರೋಲ್ ಟಾಕಿಯ ಕೆಳಗೆ ನುಗ್ಗಿತು, ಕಡೆಗೆ ಹ್ಯಾಂಡಲ್ಲಿನ ಮುಂದೆ, ಹೆಡ್‌ಲೈಟಿನ ಬುರುಡೆಯ ಬೆನ್ನಲ್ಲಿದ್ದ ತೂತಿನೊಳಗೆ ಮಿಕ್ಕ ವಾಯರುಗಳ ಜೊತೆ ಇಳಿದು ಮಾಯವಾಯಿತು.

"ಎಲ್ಲಾರೂ ಇಲ್ಲೇ ಕೂಡಿ ಪಂಚಾಯ್ತಿ ಮಾಡಾಕತ್ತಾರ ನೋಡು" ಎಂದ ಧರೆಪ್ಪ. "ಕಸ್ತೂರಿ, ಇಸ್ಕ್ರು ಇಡಾಕ ಒಂದ ತಾಟ ಕೊಡವಾ."

ಕಸ್ತೂರೆವ್ವ ಬಂದಳು. ಒಂದು ಕೈಯಲ್ಲಿ ತಾಟು. ಇನ್ನೊಂದು ಕೈಯಲ್ಲಿ ಒಂದು ಚಿಂದಿ ಬಟ್ಟೆ, ಬಟ್ಟಲಲ್ಲಿ ಚಿಮಣಿ ಎಣ್ಣೆ. ತಾಟು ಇಟ್ಟು ನಿಂತಳು.

ಧರೆಪ್ಪ ತಾಟು ಮಾತ್ರ ಕೇಳಿದ್ದ. ಇರುವೆ ಕಂಡರೆ ಆ ಮನೆಯ ಹೆಂಗಸರು ಚಿಮಣಿ ಎಣ್ಣೆ ತರುವುದು ಆತನಿಗೆ ಗೊತ್ತು. ಬಗ್ಗಿ ನೋಡಿದರೆ, ಮುಂದಿನ ಚಕ್ರದಿಂದ ಹ್ಯಾಂಡಲ್ಲಿನವರೆಗೆ ಕೆಂಪಿರುವೆಯ ಸಣ್ಣ ಸಾಲು ಹತ್ತಿ ಆ ತೂತಿನೊಳಗೇ ಇಳಿಯುತ್ತಿತ್ತು. ಬುರುಡೆ ಇನ್ನೂ ಬಿಚ್ಚಿರಲಿಲ್ಲ. ಆತ ಸೊಸೆಯ ಮುಖ ನೋಡಿದ, ಆಕೆ ನೆಲ ನೋಡಿದಳು.

"ಭೀಮಗೊಂಡಾ" ಎಂದ ಧರೆಪ್ಪ, "ನಿಮ್ಮ ಮನ್ಯಾಗ ತುಕ್ಕ ತಿಕ್ಕೂ ಪಾಲಿಸ್ ಪೇಪರ್ ಐತೇನ? ಒಂದ ತುಂಡ ತಗೊಂಡ ಬಾ. ಚಾಕ್ಕ ಬೆಲ್ಲ ಸಕ್ಕರಿ ಎರಡೂ ಹಾಕಸ್ತೀನಿ."

ಭೀಮಗೊಂಡ ಎದ್ದು ಹೋದ ಮೇಲೆ ಎರಡೂ ಬದಿಯ ಸ್ಕ್ರೂ ಬಿಚ್ಚಿ ಹೆಡ್‌ಲೈಟಿನ ಗಾಜನ್ನು ಮುಂದಕ್ಕೆ ಎಳೆದ. ಹುಳಿ ಹಿಡಿದ ಒಂದು ವಾಸನೆ ಮೂಗಿಗೆ ಬಡಿಯಿತು. ಬುರುಡೆಯ ತಳದಲ್ಲಿ ಇರುವೆಗಳು ಮುದ್ದೆಗಟ್ಟಿ ಕೂತಿದ್ದವು. ವಾಯರುಗಳ ಜೋಡಣೆಯ ಮೇಲೆಲ್ಲ ಬಿಳಿ ಪೊರೆ, ಹಿತ್ತಾಳೆಯ ತುದಿಗಳಿಗೆ ಹಸಿರು ಕಿಲುಬು. ತಳದಲ್ಲಿ ನಿನ್ನೆಯ ಅಂಟುನೀರು ಇನ್ನೂ ಆರಿರಲಿಲ್ಲ. ಧರೆಪ್ಪ ಬೆರಳದ್ದಿ ಮೂಸಿದ.

ಕಾಯಿನೀರು.

ಅದು ಹೇಗೆ ಒಳಗೆ ಬಂತೆಂದು ಆತ ಯಾರನ್ನೂ ಕೇಳಬೇಕಾಗಿರಲಿಲ್ಲ, ಅಮವಾಸಿ ಅಮವಾಸಿಗೆ ಇದೇ ಅಂಗಳದಲ್ಲಿ ನಿಂತು ನೋಡಿದ್ದ. ಚನ್ನವ್ವ ಗಾಡಿ ತೊಳೆದು, ಹೆಡ್‌ಲೈಟೇ ಅದರ ಮುಖವೆಂದು ಗಾಜಿನ ಮೇಲೆ ಮೂರು ಬೆರಳ ವಿಭೂತಿ ಎಳೆದು, ನಡುವೆ ಕುಂಕುಮ ಇಡುವಳು. ಕಾಯಿ ಒಡೆದು ನೀರನ್ನು ತಂಬಿಗೆಯಲ್ಲಿ ಹಿಡಿಯುವಳು. ಇಟ್ಟ ವಿಭೂತಿ ತೊಳೆದು ಹೋಗಬಾರದೆಂದು ಮುಂದಿನಿಂದ ಸುರಿಯದೆ, ಕೂಸಿಗೆ ನೆತ್ತಿಯ ಮೇಲೆ ನೀರು ಹಾಕುವ ತಾಯಿಯಂತೆ ಹಿಂದೆ ನಿಂತು, ಬುರುಡೆಯ ಬೆನ್ನಿಗೆ ಮೆಲ್ಲಗೆ ಹನಿಸುವಳು. ಬಂಡಿಯ ನೊಗಕ್ಕೂ ರಂಟೆಗೂ ಹೀಗೇ ಮಾಡುತ್ತ ಬಂದವಳು. ಕಟ್ಟಿಗೆಗೆ ಕಾಯಿನೀರಿನಿಂದ ಏನಾಗಬೇಕು? ಪಂಪಿನ ಮೋಟರಿಗೆ ಮಾತ್ರ ಧರೆಪ್ಪ, "ಕರೆಂಟ್ ಐತಿ, ದೂರಿಂದ ಊದಿನಕಡ್ಡಿ ಬೆಳಗು" ಎಂದು ತಡೆದಿದ್ದ. ಫಟಫಟಿಯ ತಲೆಯೊಳಗೂ ಕರೆಂಟಿನ ಗಂಟು ಇದೆಯೆಂದು ಆತನಿಗೇ ತೋಚಿರಲಿಲ್ಲ. ನೀರು ಹಸಿಯಿದ್ದಾಗ ದೀಪದ ವಾಯರು ಬುರುಡೆಯ ಲೋಹಕ್ಕೆ ಕೂಡಿಕೊಂಡು ದೀಪ ಆರುತ್ತಿರಲಿಲ್ಲ. ಇಂಜಿನ್ನು ಬಂದ್ ಮಾಡುವ ವಾಯರೂ ಅದೇ ಗೊಂಚಲಲ್ಲಿತ್ತು, ಯಾರೂ ಕೀಲಿ ತಿರುವದೆ ಇಂಜಿನ್ನು ಬಂದಾಗುತ್ತಿತ್ತು. ಬಿಸಿಲಿಗೆ ಆರಿದ ಮೇಲೆ ಎಲ್ಲ ಸರಿ. ಕಾಟ ಹೆಚ್ಚಾಯಿತೆಂದು ಚನ್ನವ್ವ ಒಂದು ಕಾಯಿ ಇದ್ದದ್ದನ್ನು ಎರಡು ಮಾಡಿದ್ದಳು. ಕಾಟವೂ ಅದಕ್ಕೆ ತಕ್ಕ ಹಾಗೆ ಹೆಚ್ಚಾಗಿತ್ತು.

"ನಿನಗ ಗೊತ್ತಿತ್ತ ಹೌದಲ್ಲವಾ?" ಎಂದ, ಮೆಲ್ಲಗೆ.

ಕಸ್ತೂರೆವ್ವ ಸೆರಗಿನ ತುದಿ ಬೆರಳಿಗೆ ಸುತ್ತಿದಳು. "ಪೂರಾ ಗೊತ್ತಿರಲಿಲ್ರಿ ಮಾವಾರ. ಅಮವಾಸಿ ಆದ ಮ್ಯಾಲ ಇರಿವಿ ಹತ್ತತಿದ್ವು, ನಾ ಒರಸ್ತಿದ್ದೆ. ಒಳಗ ಏನೋ ಹೋಗೈತಿ ಅಂತ ಅನಸ್ತಿತ್ತು."

"ಮತ್ಯಾಕ ಒಂದ ಮಾತ ಹೇಳಲಿಲ್ಲ? ಇಷ್ಟ ಮಾತ ಕೇಳಿಸ್ಕೊಂಡಿ, ಇವತ್ತ ಕೈ ಒಡಕೊಂಡಿ, ಚೀಲ ಕಟ್ಟೀದಿ..."

"ಹ್ಯಾಂಗ ಹೇಳಲ್ರಿ? ದೇವರಂತ ತಿಳಿದ ಹಾಕಿದ ನೀರಿಗಿ ನಾ ಹೆಸರ ಇಡಬೇಕಾ? ಅತ್ತಿ ಕಣ್ಣ ಮುಚ್ಚಿ, ಅವರ ತಮ್ಮನ ಹೆಸರ ತಗೊಂಡ ಹಾಕತಾರ್ರಿ. ಒಂದಿನ ಕಿವಿಗಿ ಬಿತ್ತು. ನನ್ನ ಮಗಗ ಹಂಗ ಆಗೂದ ಬ್ಯಾಡೋ ಶಿವನ ಅಂತಿದ್ರು."

ಧರೆಪ್ಪ ಸ್ಕ್ರೂ ಡ್ರೈವರನ್ನು ತಾಟಿನಲ್ಲಿ ಇಟ್ಟ. ಚನ್ನವ್ವನ ತಮ್ಮ ಶಿರಗುಪ್ಪಿಯ ರಸ್ತೆಯಲ್ಲಿ ಫಟಫಟಿಯಿಂದ ಬಿದ್ದೇ ಸತ್ತಿದ್ದ. ವರ್ಷಗಳು ಕಳೆದರೂ ಆಕೆ ಅದರ ಮಾತನ್ನೇ ಎತ್ತುತ್ತಿರಲಿಲ್ಲ, ಮರೆತಿದ್ದಾಳೆ ಎಂದುಕೊಂಡಿದ್ದ. ಮನೆಗೆ ಗಾಡಿ ಬಂದ ದಿನದಿಂದ ಆಕೆ ಅದರ ಮೇಲೆ ಒಮ್ಮೆಯೂ ಕೂತಿರಲಿಲ್ಲ. ಆದರೆ ತಿಂಗಳು ತಿಂಗಳು ಅದರ ನೆತ್ತಿಗೆ ನೀರು ಹಾಕಿ ಮಗನ ಆಯುಷ್ಯ ಬೇಡಿದ್ದಳು.

ಈಗ ಇದನ್ನು ಆಕೆಗೆ ಯಾರು ಹೇಳಬೇಕು? ಮಳೆ ನೀರು ಹೊಕ್ಕಿತ್ತು ಎಂದು ಒಂದು ಸುಳ್ಳು ಹೇಳಿಬಿಟ್ಟರೆ ಆಕೆಯ ಮನಸ್ಸು ಉಳಿದೀತು. ಮುಂದಿನ ಅಮವಾಸಿಗೆ ಮತ್ತೆ ತಂಬಿಗೆ ಏಳುತ್ತದೆ. ಸೊಸೆಯ ಕಾಲಿನ ಮಾತೂ ಮತ್ತೆ ಏಳುತ್ತದೆ. ನಿಜ ಹೇಳಿದರೆ ಆಕೆಯ ಕೈಗೂ ದೇವರಿಗೂ ನಡುವೆ ತಾನೊಂದು ಗೋಡೆ ಕಟ್ಟಿದ ಹಾಗಾದೀತು. ಧರೆಪ್ಪ ಬಿಚ್ಚಿದ ಬುರುಡೆಗೇ ಕೈಮುಗಿದ. ಶಿವಾ, ಮಾತ ನೀನ ಕೊಡಪಾ ಎಂದು ಒಳಗೊಳಗೇ ಬೇಡಿಕೊಂಡ.

ಮಾತು ಬರುವ ಮೊದಲೇ ಚನ್ನವ್ವ ಬಂದಳು. "ಅಡಗಿ ಆಗೇತಿ, ಏಳ್ರಿನ್ನ. ಹೋಗೂ ಗಾಡಿ ಹೋಗ್ಲಿ ಬಿಡ್ರಿ..." ಎನ್ನುತ್ತ ಹತ್ತಿರ ಬಂದವಳು ಅಲ್ಲೇ ನಿಂತಳು. ಮೂಗು ಅರಳಿತು. ಜೀವಮಾನವೆಲ್ಲ ಕಾಯಿ ಒಡೆದ ಹೆಂಗಸು. ಹಳಸಿದ ಕಾಯಿನೀರಿನ ವಾಸನೆಯನ್ನು ಆಕೆಗೆ ಯಾರೂ ಪರಿಚಯ ಮಾಡಿಕೊಡಬೇಕಿರಲಿಲ್ಲ. ಬಗ್ಗಿ ಬುರುಡೆಯೊಳಗೆ ನೋಡಿದಳು. ಇರುವೆ ನೋಡಿದಳು. ಹಸಿರು ಕಿಲುಬು ನೋಡಿದಳು. ಹಿಂದಿನ ತೂತಿಗೆ ಬೆರಳಿಟ್ಟು, ತಾನು ತಂಬಿಗೆ ಹಿಡಿಯುವ ಜಾಗವನ್ನು ಕಣ್ಣಿಂದಲೇ ಅಳೆದಳು.

"ಇಲ್ಲಿಂದ ಇಳದೈತಿ?" ಎಂದಳು.

ಧರೆಪ್ಪ ತಲೆಯಾಡಿಸಿದ.

"ಪ್ರತಿ ಸಲಾನೂ?"

"ಹೂಂ."

ಚನ್ನವ್ವ ಅಲ್ಲೇ ನೆಲದ ಮೇಲೆ ಕೂತಳು. ಅಂಗಳದ ಬೇವಿನಲ್ಲಿ ಗುಬ್ಬಿಗಳು ಗದ್ದಲ ಮಾಡುತ್ತಿದ್ದವು. "ಹಂಗಾದ್ರ ಆ ಶಿವಗ ಮುಟ್ಟಲೇ ಇಲ್ಲನ್ರಿ, ನಾ ಹಾಕಿದ್ದು?" ಎಂದು ಕೇಳಿದಳು. ಕೂಸು ಕೇಳಿದ ಹಾಗಿತ್ತು ದನಿ.

"ಮುಟ್ಟದೆ ಏನ? ನೀ ಹಾಕೂ ಮೊದ್ಲ ಅವ ಕೈ ಒಡ್ಡಿರತಾನ. ಇದು ಬರೀ ನೀರು ಚನ್ನವ್ವಾ. ನೀರು ತಗ್ಗ ಎಲ್ಲಿ ಐತಿ ಅಲ್ಲಿ ಹೋಗೇತಿ. ಒಂದ ಮಾತ ನಾ ಅವತ್ತ ಮೋಟರಿಗಿ ಹೇಳಿದ್ದೆ, ಇದಕ್ಕ ಹೇಳೂದ ಮರತೆ."

ಆಕೆ ನೆಲಕ್ಕೆ ಕೈಯೂರಿ ಎದ್ದಳು. ಕಣ್ಣು ಸೊಸೆಯ ಮೊಣಕೈಯ ಅರಿಷಿಣದ ಕಡೆ ಹೋಯಿತು, ಅಲ್ಲಿಂದ ಆಕೆಯ ಕೈಯಲ್ಲಿದ್ದ ಚಿಮಣಿ ಎಣ್ಣೆಯ ಬಟ್ಟಲಿಗೆ ಬಂತು, ಅಲ್ಲೇ ನಿಂತಿತು. ಧರೆಪ್ಪನಿಗೆ ಅರ್ಥವಾದದ್ದು ಹೆಂಡತಿಗೂ ಅರ್ಥವಾಯಿತು. "ತಾ ಇಲ್ಲಿ" ಎಂದು ಬಟ್ಟಲು ಇಸಿದುಕೊಂಡು, ಚಿಂದಿ ಅದ್ದಿ, ತಾನೇ ಬುರುಡೆಯ ಒಳಗೆ ಒರೆಸತೊಡಗಿದಳು. ಕೂಸಿನ ಕಿವಿ ಒರೆಸುವಷ್ಟು ಜೋಪಾನ. ಇರುವೆಗಳನ್ನು ಸಾಯಿಸದೆ ಒಂದು ಬೇವಿನ ತಪ್ಪಲಿಗೆ ಹತ್ತಿಸಿ ಮರದ ಬುಡಕ್ಕೆ ಜಾಡಿಸಿ ಬಂದಳು.

ಆ ಹೊತ್ತಿಗೆ ಪಾಲಿಸ್ ಪೇಪರ್ ಹಿಡಿದು ಭೀಮಗೊಂಡ ಬಂದ. "ಏನ ವೈನಿ, ನೀವೂ ಗ್ಯಾರೇಜ್ ತಗದ್ರಿ? ದೆವ್ವ ಸಿಕ್ಕತೇನ?"

"ಸಿಕ್ಕತಪಾ" ಎಂದಳು ಚನ್ನವ್ವ, ಕೈ ನಿಲ್ಲಿಸದೆ. "ನಾನ ಆ ದೆವ್ವ. ಅಮವಾಸಿಗೊಮ್ಮಿ ಕಾಯಿನೀರ ಹಾಕಿ ಹಾಕಿ ನಾನ ಕೆಡಿಸೀನಿ. ನನ್ನ ಸೊಸಿ ಕಾಲ್ಗುಣಾನೂ ಅಲ್ಲ, ಬೀಗರ ಗಾಡೀನೂ ಅಲ್ಲ. ಕಟ್ಟಿ ಮ್ಯಾಲ ಕುಂತ ಎಲ್ಲಾರಿಗೂ ಹೇಳು. ಮರೀಬ್ಯಾಡ ಮತ್ತ."

ಭೀಮಗೊಂಡ ಪಾಲಿಸ್ ಪೇಪರ್ ಹಿಡಿದುಕೊಂಡೇ ನೆಲಕ್ಕೆ ಕೂತ. ಊರ ಬಾಯಿ ಮುಚ್ಚಿದ್ದನ್ನು ಧರೆಪ್ಪ ನೋಡಿದ್ದು ಅದೇ ಮೊದಲು.

ಆಮೇಲೆ ನಾಲ್ವರೂ ಕೂಡಿಯೇ ಕೆಲಸ ಹಿಡಿದರು. ಧರೆಪ್ಪ ಜೋಡಣೆಗಳನ್ನು ಒಂದೊಂದಾಗಿ ಬಿಚ್ಚಿದ, ಭೀಮಗೊಂಡ ಕಿಲುಬು ತಿಕ್ಕಿದ, ಚನ್ನವ್ವ ಒರೆಸಿದಳು, ಕಸ್ತೂರೆವ್ವ ಬಿಸಿಲಿಗೆ ಆರಿಸಿ ಕೊಟ್ಟಳು. ತಿರುಗಿ ಜೋಡಿಸುವಾಗ ಎರಡು ವಾಯರು ಅದಲುಬದಲಾಗಿ, ಬ್ರೇಕು ತುಳಿದರೆ ಹಾರನ್ನು ಹೊಡೆಯತೊಡಗಿತು. "ಭಾರೀ ಛಲೋ ಆತ ಬಿಡೋ, ನಿಲ್ಲೂ ಮುಂಚೆ ಊರಿಗೆಲ್ಲಾ ಹೇಳತೈತಿ" ಎಂದು ಭೀಮಗೊಂಡನಿಗೆ ಬಾಯಿ ಮರಳಿ ಬಂತು. ಕಸ್ತೂರೆವ್ವ ಸೆರಗು ಬಾಯಿಗೆ ಒತ್ತಿ ನಕ್ಕಳು. ಆಕೆ ಆ ಮನೆಯಲ್ಲಿ ಹಾಗೆ ನಕ್ಕು ಬಹಳ ದಿನವಾಗಿತ್ತು. ಮತ್ತೊಮ್ಮೆ ಬಿಚ್ಚಿ ಸರಿಮಾಡಿದರು. ಕೀಲಿ ತಿರುವಿದರೆ ಹಸಿರು ದೀಪ ಹತ್ತಿತು, ಗೇರು ಹಾಕಿದರೆ ಆರಿತು. ಧರೆಪ್ಪ ಹಾಕಿ ತೆಗೆದು, ಹಾಕಿ ತೆಗೆದು, ಕಣ್ತುಂಬ ನೋಡಿದ. ಬೆನ್ನಿನ ತೂತಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕಟ್ಟಿದ.

ಮೇವಿನ ಹೊರೆ ಇಳಿಸಿ ಮುರಗೆಪ್ಪ ಊಟಕ್ಕೆ ಕೂತಾಗ ಧರೆಪ್ಪನೇ ಎಲ್ಲ ಹೇಳಿದ. ಕೇಳುತ್ತ ಕೇಳುತ್ತ ಮಗನ ತುತ್ತು ಸಣ್ಣದಾಯಿತು. "ನಾ ಹೇಳಿ ಕಳಿಸಿಬಿಟ್ಟೀನಲ್ಲಪಾ" ಎಂದ. "ಮಾವ ಅಲ್ಲಿ ಹಾದಿ ನೋಡತಿರತಾನ. ಮಗಳನ್ನ ಬಿಡಾಕ ಬರತಾರಂತ ತಿಳಿದಿರತಾನ."

"ತಿಳಿದಿರತಾನ" ಎಂದಳು ಚನ್ನವ್ವ. ಕೈತೊಳೆದು ಎದ್ದು, ದೇವರ ಮುಂದೆ ಒಂದು ಗಳಿಗೆ ನಿಂತು, ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟು ಹೊರಗೆ ಬಂದಳು. "ಹೇಳಿದ ಮಾತ ತಿರುಗಿ ತಗೋಳಾಕ ಹೇಳಿದ ಮನಿಯವರ ಹೋಗಬೇಕು. ಕಸ್ತೂರಿ ಎಲ್ಲಿಗೂ ಹೋಗಂಗಿಲ್ಲ. ನಾ ಹೋಗತೀನಿ. ಹೊಂಡು."

"ನೀ? ಗಾಡಿ ಮ್ಯಾಲ? ಯವ್ವಾ, ಬಸ್ಸಿಗಿ ಹೋಗೂಣು ಬೇ."

"ಬಸ್ಸಿಗಿ ಹೋದ್ರ ಗಾಡಿ ಕೆಟ್ಟೈತಿ ಅಂತ ತಿಳೀತಾನ. ಹೊಂಡ ಅಂದ್ನಿ."

ಧರೆಪ್ಪ ಹೆಂಡತಿಯ ಮುಖ ನೋಡಿದ. ತುಟಿ ಬಿಗಿದಿತ್ತು, ಹಣೆಯ ವಿಭೂತಿಯ ಮೇಲೆ ಬೆವರು ಮೂಡಿತ್ತು. ಮುಗಳಖೋಡಕ್ಕೆ ಆಕೆಯ ತಮ್ಮ ಬಿದ್ದ ಶಿರಗುಪ್ಪಿಯ ಆ ರಸ್ತೆ ಹಾದೇ ಹೋಗಬೇಕು. ಆತ ಬೇಡ ಎನ್ನದೆ ಗಾಡಿಯ ಕೀಲಿಯನ್ನು ಮಗನ ಕೈಗೆ ಕೊಟ್ಟ.

ಮುರಗೆಪ್ಪ ಗಾಡಿ ಚಾಲೂ ಮಾಡಿದ. ಚನ್ನವ್ವ ಹತ್ತಿರ ಹೋಗಿ, ಹೊಸ ಎತ್ತಿನ ಮುಂದೆ ನಿಂತವಳಂತೆ ತಡವರಿಸಿದಳು. "ಹ್ಯಾಂಗ ಕುಂಡರಬೇಕ ಇದರ ಮ್ಯಾಲ?"

ಕಸ್ತೂರೆವ್ವ ಬಂದು ಅತ್ತೆಯ ಸೊಂಟ ಹಿಡಿದು ಒಂದು ಬದಿಗೆ ಕೂರಿಸಿದಳು. ಬಗ್ಗಿ, ಆಕೆಯ ಪಾದ ಹಿಡಿದು ಕಾಲಿಡುವ ಕಬ್ಬಿಣದ ಮೇಲೆ ಇಟ್ಟಳು. ಸೆರಗು ಚಕ್ರಕ್ಕೆ ಸಿಗದ ಹಾಗೆ ಸುತ್ತಿ ಸೊಂಟಕ್ಕೆ ಸಿಗಿಸಿದಳು. "ಅವರ ಹೆಗಲ ಗಟ್ಟಿ ಹಿಡೀರಿ. ತಿರುವಿನ್ಯಾಗ ಮೈ ಬಿಗಿ ಹಿಡಿಬ್ಯಾಡ್ರಿ, ಅವರ ಜೋಡಿ ವಾಲ್ರಿ. ಕುಡಚಿ ಸೇತುವಿ ಮ್ಯಾಲ ಗಾಳಿ ಭಾಳ ಇರತೈತಿ, ತಲಿ ಮ್ಯಾಲ ಸೆರಗ ಬಿಗೀರಿ."

ಚನ್ನವ್ವ ಒಂದು ಕೈಯಲ್ಲಿ ಮಗನ ಹೆಗಲು ಹಿಡಿದಿದ್ದಳು. ಇನ್ನೊಂದು ಕೈ ಸೊಸೆಯ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. "ನಿಮ್ಮಪ್ಪಗ ಏನಂತ ಹೇಳಲಿ ಕಸ್ತೂರಿ? ಏನ ಹೇಳೂದೋ ತಿಳೀವಲ್ದು ನನಗ."

"ಏನೂ ಹೇಳಬ್ಯಾಡ್ರಿ ಅತ್ತಿ" ಎಂದಳು ಕಸ್ತೂರೆವ್ವ. "ನೀವು ಗಾಡಿ ಮ್ಯಾಲಿಂದ ಇಳಿಯೂದ ನೋಡಿದ್ರ ಅಪ್ಪಗ ತಿಳೀತೈತಿ."

ಚನ್ನವ್ವ ಕೈ ಬಿಟ್ಟಳು. ಕಣ್ಣು ಮುಚ್ಚಿ, "ಮೆಲ್ಲಕ ಹೊಡಿಯೋ ಮುರಗ್ಯಾ" ಎಂದಳು.